ಇತಿಹಾಸದ ಜೊತೆಗೊಂದು ಭಾಷೆ



ಹನ್ನೆರಡನೆಯ ತರಗತಿಯ ಫಲಿತಾಂಶ ಬಂತೆಂದರೆ ಚೆಂಬೂರಿನ ಕನ್ನಡಿಗರ ಮನೆಗಳಲ್ಲಿ ಕಾಮರ್ಸೋ ಎಂಜಿನಿಯರಿಂಗೋ ಎಂಬುದಷ್ಟೇ ಚರ್ಚೆ. ಇತಿಹಾಸವನ್ನೂ ಒಂದು ವಿದೇಶಿ ಭಾಷೆಯನ್ನೂ ಒಟ್ಟಿಗೆ ಓದುತ್ತೇನೆ ಎಂದರೆ, "ಅದರಿಂದ ಹೊಟ್ಟೆ ತುಂಬುತ್ತದೆಯೇ?" ಎಂಬ ಪ್ರಶ್ನೆ ಸಿದ್ಧ.

ಆದರೆ ನಮ್ಮ ಚರಿತ್ರೆ ಯಾವ ಭಾಷೆಗಳಲ್ಲಿ ಕೂತಿದೆ ನೋಡಿ. ವಿಜಯನಗರವನ್ನು ಕಂಡ ಡೊಮಿಂಗೊ ಪಾಯಸ್ ಮತ್ತು ನೂನಿಜ್ ಬರೆದದ್ದು ಪೋರ್ಚುಗೀಸಿನಲ್ಲಿ. ನಾವು ಇಂದಿಗೂ ನೆಚ್ಚಿಕೊಂಡಿರುವುದು ರಾಬರ್ಟ್ ಸಿವೆಲ್ 1900ರಲ್ಲಿ ಕೊಟ್ಟ ಇಂಗ್ಲಿಷ್ ಅನುವಾದವನ್ನು. 1623ರಲ್ಲಿ ಇಕ್ಕೇರಿಗೆ ಬಂದ ಪಿಯೆತ್ರೊ ದೆಲ್ಲಾ ವಾಲೆ ಬರೆದದ್ದು ಇಟಾಲಿಯನ್ನಿನಲ್ಲಿ. ನಮ್ಮ ಕರಾವಳಿಯಲ್ಲಿ ಕೆಲಸ ಮಾಡಿದ ಬಾಸೆಲ್ ಮಿಷನ್ನಿನ ಹಳೆಯ ಕಾಗದಪತ್ರಗಳು ಬಹುಪಾಲು ಜರ್ಮನ್, ಅದೂ ಇಂದಿನ ಜರ್ಮನರಿಗೇ ಓದಲಾಗದ ಕೈಬರಹ! ಕರಾವಳಿಯಿಂದ ಬಂದವರು ಇಷ್ಟೊಂದು ಮಂದಿ ಇರುವ ಮುಂಬಯಿಯಲ್ಲಿ ಇವನ್ನು ಮೂಲದಲ್ಲಿ ಓದಬಲ್ಲವರು ಎಷ್ಟು ಜನ?

ಇದೇ ಊರಿನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸ ಕಲಿಸಿದ ಸ್ಪೇನಿನ ಫಾದರ್ ಹೆನ್ರಿ ಹೆರಾಸ್, 1927ರಲ್ಲಿ ವಿಜಯನಗರದ ಅರವೀಡು ವಂಶದ ಕುರಿತು ಗ್ರಂಥ ತಂದರು. ಆ ಕಾಲದ ಜೆಸ್ಯೂಟ್ ಪಾದ್ರಿಗಳ ಪತ್ರಗಳನ್ನು ಮೂಲದಲ್ಲೇ ಓದಬಲ್ಲವರಾಗಿದ್ದದ್ದು ಅವರ ದೊಡ್ಡ ಬಲ.

ಮುಂಬಯಿ ವಿಶ್ವವಿದ್ಯಾಲಯದ ಕಲಿನಾ ಆವರಣದಲ್ಲಿ ಇತಿಹಾಸ, ಜರ್ಮನ್, ಕನ್ನಡ ವಿಭಾಗಗಳು ಮೂರೂ ಇವೆ. 2020ರ ಶಿಕ್ಷಣ ನೀತಿ ಮುಖ್ಯ ವಿಷಯದೊಂದಿಗೆ ಬೇರೆ ವಿಭಾಗದ ಉಪವಿಷಯಕ್ಕೂ ದಾರಿ ತೆರೆದಿದೆ. ಆದರೆ ಕಾಲೇಜಿನ ವೇಳಾಪಟ್ಟಿಯಲ್ಲಿ ಎರಡೂ ತರಗತಿಗಳು ಒಂದೇ ಹೊತ್ತಿಗೆ ಬಿದ್ದರೆ ನೀತಿ ಏನು ಮಾಡೀತು? ಕಾಲೇಜುಗಳು ಮೊದಲು ಇದನ್ನು ಸರಿಪಡಿಸಲಿ. ನಗರದ ಕನ್ನಡ ಸಂಘಗಳು ತಾವು ಕೊಡುವ ವಿದ್ಯಾರ್ಥಿವೇತನಗಳಲ್ಲಿ ಒಂದನ್ನಾದರೂ ಹೀಗೆ ಇತಿಹಾಸ, ಭಾಷೆ ಎರಡನ್ನೂ ಓದುವವರಿಗೆ ಮೀಸಲಿಡಬೇಕೆಂದು ವಿನಂತಿ.

– ಓದುಗರೊಬ್ಬರು, ಚೆಂಬೂರು, ಮುಂಬಯಿ