ಮುಂಡಗೋಡಿನಲ್ಲಿ ಹುಟ್ಟಿದ ಮಗು ಪರದೇಶಿಯಲ್ಲ

ತಾಯಿ 1984ರಲ್ಲಿ ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿನಲ್ಲಿ ಹುಟ್ಟಿದವರು. ತಂದೆ 1988ರಲ್ಲಿ ಅದೇ ಕ್ಯಾಂಪಿನಲ್ಲಿ, ನಾಲ್ಕಾರು ಮನೆಯಾಚೆ ಹುಟ್ಟಿದವರು. ಮಗಳು 2009ರಲ್ಲಿ ಹುಟ್ಟಿದಳು. ಈಗ ಆ ಹುಡುಗಿಗೆ ಆರ್‌ಸಿ ಮಾಡಿಸುವ ವಯಸ್ಸು ಬಂದಿದೆ. ಆರ್‌ಸಿ ಎಂದರೆ ವಿದೇಶಿಯರು ಪೊಲೀಸ್ ಇಲಾಖೆಯಲ್ಲಿ ಮಾಡಿಸಿಕೊಳ್ಳುವ ನೋಂದಣಿ ಪತ್ರ. ತಾಯಿ ನನ್ನ ಮೇಜಿನ ಮೇಲೆ ಕಾಗದಗಳನ್ನು ಹರಡಿ ಕೇಳಿದರು: ‘ಅಕ್ಕಾರ, ನನ್ನ ಮಗಳ ಹೆಸರು ಯಾವ ಪುಸ್ತಕದಾಗ ಬರಸಬೇಕ್ರಿ?’

ನಾನು ಮುಂಡಗೋಡಿನಲ್ಲಿ ವಕೀಲಿ ಮಾಡುವವಳು. ಹುಟ್ಟೂರು ಹಳಿಯಾಳ, ಓದಿ ಬೆಳೆದದ್ದು ದಾಂಡೇಲಿ. ಅಪ್ಪ ಅಲ್ಲಿನ ಪೇಪರ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಆಸ್ತಿ ವಾಟ್ನಿ, ಚೆಕ್ ಬೌನ್ಸ್, ಜೀವನಾಂಶ ಇವೇ ನನ್ನ ದಿನನಿತ್ಯದ ಕೆಲಸ. ನಡುನಡುವೆ ಕ್ಯಾಂಪಿನವರ ಅಫಿಡವಿಟ್ಟು, ಜನನ ನೋಂದಣಿ, ಆರ್‌ಸಿ ನವೀಕರಣದ ಕಾಗದಗಳು ಬರುತ್ತವೆ. ಬೇರೆಲ್ಲ ಕೆಲಸವನ್ನು ಸಂಜೆ ಕಚೇರಿಯಲ್ಲೇ ಬಿಟ್ಟು ಹೋಗಬಲ್ಲೆ. ಮಕ್ಕಳ ಈ ಕಾಗದಗಳು ಮಾತ್ರ ಮನೆವರೆಗೂ ಬೆನ್ನು ಹತ್ತಿ ಬರುತ್ತವೆ. ಯಾಕೆಂದರೆ ಆ ತಾಯಿಯ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ, ಕೌಂಟರಿನಲ್ಲಿ ಮಾತ್ರ ಅದು ಸಿಗುವುದಿಲ್ಲ.

1955ರ ಪೌರತ್ವ ಕಾಯ್ದೆಯ 3ನೇ ಕಲಮು ತೆಗೆದು ನೋಡಿ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. ಅಪ್ಪ ಅಮ್ಮ ಎಲ್ಲಿಯವರು ಎಂದು ಕಾಯ್ದೆ ಕೇಳುವುದಿಲ್ಲ. ರಾಜತಾಂತ್ರಿಕರ ಮಕ್ಕಳಂಥ ಒಂದೆರಡು ವಿನಾಯಿತಿ ಬಿಟ್ಟರೆ ಮತ್ತೇನೂ ಇಲ್ಲ. ಹಾಗಾಗಿ ಈ ತಾಯಿ ಭಾರತೀಯಳು. 2004ರ ಡಿಸೆಂಬರ್ 3ರ ನಂತರ ಹುಟ್ಟಿದ ಮಗುವಿಗೆ ನಿಯಮ ಬಿಗಿಯಾಯಿತು: ತಂದೆತಾಯಿ ಇಬ್ಬರೂ ನಾಗರಿಕರಿರಬೇಕು, ಇಲ್ಲವೇ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಕ್ರಮ ವಲಸಿಗ ಯಾರು? ಸರಿಯಾದ ದಾಖಲೆ ಇಲ್ಲದೆ ಭಾರತವನ್ನು ಪ್ರವೇಶಿಸಿದ ಅಥವಾ ಅವಧಿ ಮೀರಿ ಉಳಿದ ವಿದೇಶಿ ಎಂದು ಅದೇ ಕಾಯ್ದೆ ಹೇಳುತ್ತದೆ. ಈ ತಂದೆ ಯಾವ ಗಡಿಯನ್ನೂ ದಾಟಿ ಬಂದವರಲ್ಲ, ಮುಂಡಗೋಡಿನಲ್ಲೇ ಕಣ್ಣು ಬಿಟ್ಟವರು. ಸರಕಾರವೇ ಕೊಟ್ಟ ಆರ್‌ಸಿ ಇಟ್ಟುಕೊಂಡು, ಹೊತ್ತುಹೊತ್ತಿಗೆ ನವೀಕರಿಸಿಕೊಂಡು ಬದುಕುತ್ತಿರುವವರು. ಅವರನ್ನು ಅಕ್ರಮ ವಲಸಿಗ ಎನ್ನಲು ನನಗೆ ಯಾವ ದಾರಿಯೂ ಕಾಣುವುದಿಲ್ಲ. ಅಂದಮೇಲೆ 2009ರಲ್ಲಿ ಹುಟ್ಟಿದ ಆ ಹುಡುಗಿ ಹುಟ್ಟಿದ ಗಳಿಗೆಯಿಂದಲೇ ಭಾರತದ ಪ್ರಜೆ. ಅವಳು ಆರ್‌ಸಿಗೆ ಅರ್ಜಿ ಹಾಕುವುದೆಂದರೆ ತನ್ನ ಕೈಯಾರೆ ತಾನು ವಿದೇಶಿ ಎಂದು ಬರೆದುಕೊಟ್ಟಂತೆ.

ಆದರೆ ಕಚೇರಿಯೊಂದರಲ್ಲಿ ಆ ತಾಯಿಗೆ ಸಿಕ್ಕ ಮಾತು ಒಂದೇ: ‘ನಿಮ್ಮ ಹತ್ತಿರವೂ ಆರ್‌ಸಿ ಇದೆಯಲ್ಲ, ಮಗಳಿಗೂ ಮಾಡಿಸಿ.’ ತಾಯಿಯ ಹತ್ತಿರ ಆರ್‌ಸಿ ಇರುವುದು ನಿಜ. ಅವರು ಚಿಕ್ಕವರಿದ್ದಾಗ ಕ್ಯಾಂಪಿನಲ್ಲಿ ಎಲ್ಲರಿಗೂ ಅದನ್ನೇ ಮಾಡಿಸುತ್ತಿದ್ದರು. ಬೇರೆ ದಾರಿ ಇದೆ ಎಂದು ಹೇಳುವವರು ಇರಲಿಲ್ಲ. ಸರಕಾರದ ಒಂದು ಪುಸ್ತಿಕೆ ತಪ್ಪಾಗಿ ಕೈಗೆ ಬಂದ ಮಾತ್ರಕ್ಕೆ ಹುಟ್ಟಿನಿಂದ ಬಂದ ಪೌರತ್ವ ಹೋಗುವುದಿಲ್ಲ. ಇದನ್ನು ನ್ಯಾಯಾಲಯಗಳೇ ಹೇಳಿಯಾಗಿದೆ. 2010ರ ಡಿಸೆಂಬರಿನಲ್ಲಿ ನಾಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2013ರ ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಹೇಳಿತು; ಅರ್ಜಿದಾರರು ಲಿಂಗ್ ರಿಂಪೋಚೆ, 1985ರಲ್ಲಿ ಹಿಮಾಚಲದಲ್ಲಿ ಹುಟ್ಟಿ ಇದೇ ಮುಂಡಗೋಡಿನ ಡ್ರೆಪುಂಗ್ ಮಠದಲ್ಲಿ ಓದಿದ ಗುರು. 2014ರಲ್ಲಿ ಚುನಾವಣಾ ಆಯೋಗ 1950ರಿಂದ 1987ರವರೆಗಿನ ಆ ಅವಧಿಯಲ್ಲಿ ಹುಟ್ಟಿದ ಟಿಬೆಟಿಯನ್ನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಿ ಎಂದಿತು. 2016ರಲ್ಲಿ ದೆಹಲಿ ಹೈಕೋರ್ಟ್ ಇನ್ನೊಮ್ಮೆ ಹೇಳಿದ ಮೇಲೆ, 2017ರಲ್ಲಿ ವಿದೇಶಾಂಗ ಸಚಿವಾಲಯವೂ ಒಪ್ಪಿ ಪಾಸ್‌ಪೋರ್ಟ್ ಕೊಡಲು ಮುಂದಾಯಿತು.

ಒಪ್ಪಿದ್ದು ಷರತ್ತಿನ ಮೇಲೆ. ಪಾಸ್‌ಪೋರ್ಟ್ ಬೇಕಾದರೆ ಆರ್‌ಸಿಯನ್ನೂ, ವಿದೇಶ ಪ್ರಯಾಣಕ್ಕೆ ಕೊಡುವ, ಹಳದಿ ಪುಸ್ತಕ ಎಂದು ಕ್ಯಾಂಪಿನಲ್ಲಿ ಕರೆಯುವ ಗುರುತಿನ ಪತ್ರ ಐಸಿಯನ್ನೂ ಒಪ್ಪಿಸಬೇಕು. ನಿರಾಶ್ರಿತರೆಂಬ ಕಾರಣಕ್ಕೆ ಬರುವ ಸವಲತ್ತು, ಧರ್ಮಶಾಲಾದ ಟಿಬೆಟಿಯನ್ ಆಡಳಿತದಿಂದ ಬರುವ ನೆರವು ಪಡೆಯುತ್ತಿಲ್ಲವೆಂದು ಬರೆದುಕೊಡಬೇಕು. ಎಲ್ಲಕ್ಕಿಂತ ದೊಡ್ಡದು: ನಿರಾಶ್ರಿತರ ವಸತಿ ಪ್ರದೇಶದಲ್ಲಿ ವಾಸ ಇರಕೂಡದು.

ದೊಡ್ಡವರ ವಿಷಯದಲ್ಲಿ ಈ ಷರತ್ತಿನ ಬಗ್ಗೆ ವಾದ ಮಾಡಬಹುದು. ಮಗುವಿನ ವಿಷಯದಲ್ಲಿ ಇದಕ್ಕೆ ಅರ್ಥವೇ ಇಲ್ಲ. ಎಂಟು ವರ್ಷದ ಹುಡುಗ ಎಲ್ಲಿ ವಾಸ ಮಾಡಬೇಕೆಂದು ತಾನು ಆರಿಸಿಕೊಂಡಿರುತ್ತಾನೆಯೇ? ಅವನಿಗೆ ಮನೆ ಎಂದರೆ ಅಜ್ಜಿ ಇರುವ ಮನೆ. ಅಪ್ಪ ಅಮ್ಮ ಚಳಿಗಾಲದಲ್ಲಿ ಸ್ವೆಟರ್ ಮಾರಲು ಹುಬ್ಬಳ್ಳಿಗೋ ಇನ್ನೂ ದೂರದ ಊರಿಗೋ ಹೋದಾಗ ಅವನಿಗೆ ಅನ್ನ ಹಾಕುವವಳು ಆ ಅಜ್ಜಿ. ಅವಳಿರುವುದು ಕ್ಯಾಂಪಿನಲ್ಲಿ, 1966ರಿಂದ ಸರಕಾರವೇ ಕೊಟ್ಟ ಜಾಗದಲ್ಲಿ. ಆಗ ಇಲ್ಲಿ ಸುಮಾರು 4000 ಎಕರೆ ಕಾಡು ಕಡಿದು ಹೊಲ ಮಾಡಿದರು. ಗೋವಿನಜೋಳ ಬೆಳೆದರು, ಆನೆಗಳಿಂದ ಬೆಳೆ ಕಾದರು. ನಾಗರಿಕನ ಮಗು ತಾನು ನಾಗರಿಕ ಎಂದು ತೋರಿಸಲು ಆ ಅಜ್ಜಿಯ ಮನೆ ಬಿಡಬೇಕೆಂಬ ಮಾತು ಪೌರತ್ವ ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲ. ಭಾರತದ ಪ್ರಜೆ ಭಾರತದಲ್ಲಿ ಎಲ್ಲಿ ಬೇಕಾದರೂ ಇರಬಹುದು ಎಂದು ಸಂವಿಧಾನದ 19ನೇ ವಿಧಿ ಹೇಳುತ್ತದೆ. ಮುಂಡಗೋಡಿನ ಕ್ಯಾಂಪು ಭಾರತದಲ್ಲೇ ಇದೆ.

ಹೋಗಲಿ, ಪೌರತ್ವದ ತಂಟೆ ಬೇಡ, ಕಾಯಂ ವಾಸದ ಹಕ್ಕಾದರೂ ಕೊಡಲಿ ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಗ್ರೀನ್ ಕಾರ್ಡಿನಂಥದು ನಮ್ಮಲ್ಲಿ ಸಾಮಾನ್ಯ ಜನರಿಗೆ ಇಲ್ಲ. ಒಂದೋ ನಾಗರಿಕ, ಇಲ್ಲ ವಿದೇಶಿ. ಕಾಯಂ ವಾಸಿ ಎಂಬ ಹೆಸರಿನ ಒಂದು ಯೋಜನೆಗೆ ಕೇಂದ್ರ ಸಂಪುಟ 2016ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಅದು ಹದಿನೆಂಟು ತಿಂಗಳಲ್ಲಿ 10 ಕೋಟಿ ರೂಪಾಯಿ ಅಥವಾ ಮೂರು ವರ್ಷದಲ್ಲಿ 25 ಕೋಟಿ ಹೂಡಿ, ಇಲ್ಲಿನವರಿಗೆ ಕೆಲಸ ಕೊಡುವ ವಿದೇಶಿ ಹೂಡಿಕೆದಾರರಿಗಾಗಿ. ಅವರಿಗೆ ಹತ್ತು ವರ್ಷ ವಾಸದ ಹಕ್ಕು, ಹೆಂಡತಿ ಮಕ್ಕಳಿಗೂ ಇಲ್ಲಿ ಓದುವ, ದುಡಿಯುವ ಅವಕಾಶ. ಬಂಡವಾಳ ತರುವವರ ಮಕ್ಕಳಿಗೆ ಇಷ್ಟು ವಿಚಾರ ಮಾಡಿದ ಸರಕಾರ, ತನ್ನದೇ ನಾಗರಿಕಳ ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು ಆರ್‌ಸಿ ನವೀಕರಣದ ಸಾಲಿನಲ್ಲಿ ನಿಲ್ಲಿಸುವುದು ನನಗೆ ತೀರ ನೋವಿನ ಸಂಗತಿ.

ಅಮೆರಿಕದ ಮಾತು ಸುಮ್ಮನೆ ಬರಲಿಲ್ಲ. 1990ರ ಅಲ್ಲಿನ ವಲಸೆ ಕಾಯ್ದೆ ಭಾರತ, ನೇಪಾಳದಲ್ಲಿದ್ದ ಸಾವಿರ ಮಂದಿ ಟಿಬೆಟಿಯನ್ನರಿಗೆ ವೀಸಾ ಕೊಟ್ಟಿತು. ಹೋದವರು ನಂತರ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಇವತ್ತೂ ಅಪ್ಪನೋ ಅಮ್ಮನೋ ನ್ಯೂಯಾರ್ಕಿನಲ್ಲಿ, ಮಕ್ಕಳು ಮುಂಡಗೋಡಿನಲ್ಲಿ ಎಂಬ ಮನೆಗಳಿವೆ. ಅಮೆರಿಕದ ನಾಗರಿಕರ ಮಗ ಅಥವಾ ಮಗಳು ಇಪ್ಪತ್ತೊಂದರ ಒಳಗಿದ್ದು ಮದುವೆಯಾಗಿರದಿದ್ದರೆ ಅವರಿಗೆ ಅಲ್ಲಿ ವೀಸಾ ಸಂಖ್ಯೆಯ ಸರದಿ ಇಲ್ಲ. ಕಚೇರಿ ತಡ ಮಾಡಿದರೆ ಮಗುವಿನ ವಯಸ್ಸು ಮೀರಿ ಹೋಗಬಾರದೆಂದು 2002ರಲ್ಲಿ ಬೇರೆಯೇ ಕಾಯ್ದೆ ತಂದರು. ನಾಗರಿಕರು ಅರ್ಜಿ ಹಾಕಿದ ದಿನದ ವಯಸ್ಸೇ ಲೆಕ್ಕಕ್ಕೆ. ಆ ದೇಶದ ವಲಸೆ ನೀತಿಯಲ್ಲಿ ಒಪ್ಪಲಾಗದ್ದು ಬಹಳ ಇದೆ. ಆದರೆ ವಯಸ್ಸಿನ ಈ ಒಂದು ಎಚ್ಚರಿಕೆ ನಮಗೂ ಬೇಕು. ನಮ್ಮ ಕಾಯ್ದೆಯ 5ನೇ ಕಲಮಿನಲ್ಲಿ ನಾಗರಿಕರ ಅಪ್ರಾಪ್ತ ಮಕ್ಕಳನ್ನು ನೋಂದಾಯಿಸಿಕೊಳ್ಳುವ ದಾರಿ ಇದೆ. ವಿಶೇಷ ಸಂದರ್ಭದಲ್ಲಿ ಯಾವುದೇ ಅಪ್ರಾಪ್ತ ಮಗುವನ್ನು ನೋಂದಾಯಿಸಿಕೊಳ್ಳುವ ಅಧಿಕಾರವೂ ಕೇಂದ್ರಕ್ಕಿದೆ. ಹುಟ್ಟಿನಿಂದಲೇ ನಾಗರಿಕರಾದವರಿಗೆ ಅದು ಬೇಕಿಲ್ಲ. ದಾಖಲೆ ಎಡವಿದ ಮಕ್ಕಳಿಗೆ ಬೇಕು. ಹದಿನೆಂಟು ತುಂಬಿದ ದಿನ ಆ ಬಾಗಿಲು ಹಾಕಿಕೊಳ್ಳುತ್ತದೆ. ಅರ್ಜಿ ಯಾವ ಮೇಜಿನ ಮೇಲೆ ಕೂತಿತ್ತು ಎಂದು ಆಗ ಯಾರೂ ಕೇಳುವುದಿಲ್ಲ.

ಅಮೆರಿಕಕ್ಕೆ ಹೋಗಬೇಕಾದ ಮಗುವಿಗೂ ಇಲ್ಲಿಂದಲೇ ತೊಡಕು ಶುರು. ಪಾಸ್‌ಪೋರ್ಟ್ ಇದ್ದ ಮಗು ವೀಸಾ ಬಂದ ಕೂಡಲೇ ಹೊರಡಬಹುದು. ಆರ್‌ಸಿಯ ಮಗುವಿಗೆ ಐಸಿ ಬೇಕು, ಮೇಲೆ ಎಕ್ಸಿಟ್ ಪರ್ಮಿಟ್ ಬೇಕು. ಹೋದ ಮೇಲೆ ಅಲ್ಲಿನ ನಾಗರಿಕತ್ವ ಪಡೆದು ಅಜ್ಜಿಯನ್ನು ನೋಡಲು ಬರುವಾಗ, ಕ್ಯಾಂಪಿನೊಳಗೆ ಉಳಿಯಲು ಗೃಹ ಸಚಿವಾಲಯ ವಿದೇಶಿಯರಿಗೆ ಕೊಡುವ ಸಂರಕ್ಷಿತ ಪ್ರದೇಶದ ಪರವಾನಗಿ (ಪಿಎಪಿ) ಬೇಕು. ತಾನು ಹುಟ್ಟಿದ ಮನೆಯಲ್ಲಿ ಮಲಗಲು ಪರವಾನಗಿ!

ಕಾಗದದ ಗೋಳು ಟಿಬೆಟಿಯನ್ನರಿಗಷ್ಟೇ ಅಲ್ಲ. ಜೋಯಿಡಾದ ಕಾಡಿನೊಳಗಿನ ಕುಣಬಿ ಹಾಡಿಗಳಲ್ಲಿ, ಹಳಿಯಾಳದ ಸಿದ್ದಿ ಕೇರಿಗಳಲ್ಲಿ, ಗೌಳಿ ದಡ್ಡಿಗಳಲ್ಲಿ ಮನೆಯಲ್ಲೇ ಹುಟ್ಟಿ, ಜನನ ಪತ್ರವೇ ಇಲ್ಲದೆ ಬೆಳೆದ ಎಷ್ಟೋ ಜನರನ್ನು ನೋಡಿದ್ದೇನೆ. ಹೆಸರು ಶಾಲೆಯ ರಿಜಿಸ್ಟರಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಸಿದ್ದಿಗಳ ಹಿರಿಯರು ಆಫ್ರಿಕದಿಂದ ಗುಲಾಮರಾಗಿ ಬಂದು, ಗೋವಾದ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು ಎನ್ನುತ್ತದೆ ಇತಿಹಾಸ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಳಿಯಾಳದ ಸಂತೆಯಲ್ಲಿ ಸಿದ್ದಿ ಹೆಣ್ಣುಮಗಳನ್ನು ಯಾವ ದೇಶದವಳೆಂದು ನಮ್ಮೂರಿನವರು ಯಾರೂ ಕೇಳುವುದಿಲ್ಲ, ಕೇಳಲೂಬಾರದು. ನಮ್ಮ ಸೀಮೆ ಇಷ್ಟು ಜನರನ್ನು ತನ್ನವರೆಂದುಕೊಂಡಿದೆ. ಮುಂಡಗೋಡಿನ ಸಂತೆಯಲ್ಲಿ ಹುಬ್ಬಳ್ಳಿ ಕಡೆಯ ಕನ್ನಡದಲ್ಲಿ ಚೌಕಾಸಿ ಮಾಡುವ ಟಿಬೆಟಿಯನ್ ಹುಡುಗಿಯ ವಿಷಯದಲ್ಲಿ ಜನರಿಗೂ ತಕರಾರಿಲ್ಲ. ಹಿಂದೆ ಬಿದ್ದಿರುವುದು ಕಡತ.

ಕ್ಯಾಂಪಿನ ಹಿರಿಯರಲ್ಲಿ ಇನ್ನೊಂದು ಅಳುಕಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಒಬ್ಬ ಅಜ್ಜ ನನ್ನ ಮುಂದೆ ಜಪಮಾಲೆ ತಿರುಗಿಸುತ್ತಲೇ ಹೇಳಿದರು: ‘ಮಕ್ಕಳು ಎಲ್ಲಾರೂ ಇಂಡಿಯನ್ ಆದ್ರ, ಟಿಬೆಟ್ ನಮ್ದು ಅಂತ ಹೇಳಾಕ ಯಾರ್ ಉಳೀತಾರ?’ ಅವರು 1959ರ ನಂತರ ಹಿಮ ತುಳಿದು ಬಂದವರು. ತಾವು ನಿರಾಶ್ರಿತರಾಗಿಯೇ ಉಳಿಯುತ್ತೇವೆ ಎಂಬ ಅವರ ನಿಲುವಿಗೆ ನಾನು ತಲೆಬಾಗುತ್ತೇನೆ. ಅದು ಬೆಲೆ ತೆತ್ತು ಮಾಡಿದ ಆಯ್ಕೆ. ಆದರೆ ಆಯ್ಕೆ ಮಾಡಲು ಮೊದಲು ಕೈಯಲ್ಲಿ ಹಕ್ಕಿರಬೇಕು. ಮಗು ದೊಡ್ಡದಾಗಿ, ತಿಳಿದು, ತನಗೆ ಭಾರತದ ಪೌರತ್ವ ಬೇಡವೆಂದರೆ ಬಿಡಲಿ. ಹದಿಹರೆಯದಲ್ಲಿ ಯಾರೋ ಗುಮಾಸ್ತರು ಕೊಟ್ಟ ಫಾರಂ ಆ ತೀರ್ಮಾನ ಮಾಡಬಾರದು. ಸ್ವಿಟ್ಜರ್ಲೆಂಡಿನ, ಕೆನಡಾದ ಪೌರತ್ವ ಪಡೆದ ಟಿಬೆಟಿಯನ್ನರು ಇವತ್ತೂ ಟಿಬೆಟಿಯನ್ ಬಂಡಾಯದ ನೆನಪಿನ ದಿನವಾದ ಮಾರ್ಚ್ 10ರಂದು ಧ್ವಜ ಹಿಡಿದು ಬೀದಿಗಿಳಿಯುತ್ತಾರೆ ಎಂದು ಅಜ್ಜನಿಗೆ ಹೇಳಿದೆ. ಅವರು ಒಪ್ಪಿದರೋ ಇಲ್ಲವೋ, ಮೊಮ್ಮಗಳ ಜನನ ಪತ್ರವನ್ನು ಮಾತ್ರ ಮಡಚಿ ಜೋಪಾನವಾಗಿ ಅಂಗಿಯೊಳಗಿಟ್ಟುಕೊಂಡರು.

ಜನನ ಪತ್ರದಲ್ಲೇ ಎಲ್ಲ ನಿಂತಿದೆ. ಹುಟ್ಟಿದ 21 ದಿನದೊಳಗೆ ನೋಂದಾಯಿಸಿದರೆ ದುಡ್ಡಿಲ್ಲ, ಅಲೆದಾಟವಿಲ್ಲ. ವರ್ಷ ದಾಟಿದ ಪ್ರಕರಣಗಳಿಗೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಅದು ಕಂದಾಯ ಅಧಿಕಾರಿಗಳ ಕಡೆ ಹೋಗಿದೆ. ಆ ವರ್ಷದ ಅಕ್ಟೋಬರ್ 1ರಿಂದ ಈಚೆ ಹುಟ್ಟಿದವರಿಗೆ ಹುಟ್ಟಿದ ದಿನ, ಹುಟ್ಟಿದ ಜಾಗಕ್ಕೆ ಜನನ ಪತ್ರವೇ ಪುರಾವೆ. ಕ್ಯಾಂಪಿನ ಮಕ್ಕಳ ವಿಷಯದಲ್ಲಿ ಇಷ್ಟೇ ಸಾಲದು. ತಂದೆ ಅಥವಾ ತಾಯಿಯ ಜನನ ಪತ್ರವೂ ಬೇಕು, ಅದರಲ್ಲಿ 1987ರ ಜುಲೈ 1ರ ಮುಂಚಿನ ತಾರೀಖು ಇರಬೇಕು. ಒಂದೇ ಮನೆಯಲ್ಲಿ ಅಕ್ಕ ಆ ವರ್ಷದ ಮೇ ತಿಂಗಳಲ್ಲಿ, ತಮ್ಮ ಎರಡು ವರ್ಷ ಬಿಟ್ಟು ಹುಟ್ಟಿದರೆ ಅವರಿಬ್ಬರ ಮಕ್ಕಳ ಹಣೆಬರಹ ಬೇರೆಬೇರೆ. ಕ್ಯಾಂಪಿನ ತಾಯಂದಿರಿಗೆ ನಾನು ಹೇಳುವುದು ಇಷ್ಟು: ನಿಮ್ಮ ಜನನ ದಾಖಲೆಯ ದೃಢೀಕೃತ ನಕಲು ಇವತ್ತೇ ತೆಗೆಸಿ, ಮಗುವಿನ ಪತ್ರದಲ್ಲಿರುವ ಹೆಸರಿನ ಅಕ್ಷರ ನಿಮ್ಮ ಪತ್ರದ ಜೊತೆ ಹೊಂದುತ್ತದೆಯೇ ನೋಡಿ, ಯಾರೋ ಹೇಳಿದರೆಂದು ಮಗುವಿನ ಹೆಸರಲ್ಲಿ ಆರ್‌ಸಿ ಫಾರಂಗೆ ಸಹಿ ಹಾಕುವ ಮುಂಚೆ ಒಮ್ಮೆ ವಕೀಲರನ್ನು ಕೇಳಿ.

ಜಿಲ್ಲಾಡಳಿತಕ್ಕೆ ಹೇಳಬೇಕಾದದ್ದು ಇನ್ನೂ ಇದೆ. ಮುಂಡಗೋಡಿನಿಂದ ಜಿಲ್ಲಾ ಕೇಂದ್ರ ಕಾರವಾರಕ್ಕೆ ಹೋಗುವುದೆಂದರೆ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ ಮೇಲೆ ಹಾಯಬೇಕು. ಮಳೆಗಾಲದಲ್ಲಿ ಮಗುವನ್ನು ಕಟ್ಟಿಕೊಂಡು ಆ ದಾರಿ ಹಿಡಿದು, ಒಂದು ಕಾಗದ ಕಮ್ಮಿಯಾಯಿತೆಂದು ವಾಪಸು ಬರುವುದು ಯಾರಿಗೂ ಬೇಡ. ಪಿಂಚಣಿಗೆ, ಪೋಡಿಗೆ ಅದಾಲತ್ ಮಾಡುವ ಅಧಿಕಾರಿಗಳು ಈ ಮಕ್ಕಳಿಗೂ ಮುಂಡಗೋಡಿನಲ್ಲೇ ಒಂದು ಅದಾಲತ್ ಮಾಡಲಿ. ಶಿರಸಿಯ ಉಪವಿಭಾಗಾಧಿಕಾರಿ, ಎಸ್‌ಪಿ ಕಚೇರಿಯ ವಿದೇಶಿಯರ ನೋಂದಣಿ ವಿಭಾಗದವರು, ಪಂಚಾಯತಿಯ ಜನನ ನೋಂದಣಿಯವರು, ಕ್ಯಾಂಪಿನ ಸೆಟಲ್‌ಮೆಂಟ್ ಕಚೇರಿಯವರು ಒಂದೇ ಮೇಜಿನ ಸುತ್ತ ಕೂರಲಿ. ತಂದೆತಾಯಿಯಲ್ಲಿ ಒಬ್ಬರು 1987ರ ಜುಲೈಗಿಂತ ಮುಂಚೆ ಇಲ್ಲಿ ಹುಟ್ಟಿದವರೆಂದು ದಾಖಲೆ ಇದ್ದರೆ, ಆ ಮಗುವಿಗೆ ಆರ್‌ಸಿ ಕೇಳುವುದಿಲ್ಲ ಎಂದು ಅಲ್ಲೇ ಹಿಂಬರಹ ಕೊಡಲಿ. 2025ರ ಸೆಪ್ಟೆಂಬರ್ 1ರಿಂದ ವಿದೇಶಿಯರ ಹಳೆಯ ಕಾಯ್ದೆಗಳು ಹೋಗಿ ಹೊಸದು ಬಂದಿದೆ. ಕಡತಗಳನ್ನು ಹೇಗೂ ಹೊಸದಾಗಿ ನೋಡಬೇಕಾಗಿದೆ. ಅಜ್ಜಿಯ ಮನೆ ಬಿಡಬೇಕೆಂಬ ಷರತ್ತು ಅಪ್ರಾಪ್ತ ಮಕ್ಕಳಿಗೆ ತಾಗದೆಂದು ರಾಜ್ಯ ಸರಕಾರ ದೆಹಲಿಗೆ ಬರೆಯಲಿ. ದೇಶದಲ್ಲೇ ಅತಿ ಹೆಚ್ಚು ಟಿಬೆಟಿಯನ್ನರು ಇರುವ ರಾಜ್ಯ ನಮ್ಮದು. ನಾವು ಬರೆದರೆ ಅದಕ್ಕೊಂದು ತೂಕ ಇರುತ್ತದೆ.

2009ರಲ್ಲಿ ಹುಟ್ಟಿದ ಆ ಹುಡುಗಿಯ ಆರ್‌ಸಿ ಫಾರಂ ನಾವು ತುಂಬಲಿಲ್ಲ. ತಾಯಿಯ ಜನನ ಪತ್ರ, ಮಗಳ ಜನನ ಪತ್ರ, ಕರ್ನಾಟಕ ಹೈಕೋರ್ಟಿನ 2013ರ ಆದೇಶದ ಪ್ರತಿ ಸೇರಿಸಿ ಸಂಬಂಧಪಟ್ಟ ಕಚೇರಿಗೆ ಮನವಿ ಕೊಟ್ಟಿದ್ದೇವೆ, ಸ್ವೀಕೃತಿ ಪಡೆದಿದ್ದೇವೆ. ಅವಳಿಗೆ ಹದಿನೆಂಟು ತುಂಬುವುದು 2027ರಲ್ಲಿ.