ಇಂಟರ್ನ್‌ಶಿಪ್ ಕಡತದಲ್ಲಿ ಇಲ್ಲದ ಕಾಲಂ



ಸೀಟು ಹಂಚಿಕೆಯಲ್ಲಿ, ಹಾಸ್ಟೆಲ್ ಪಟ್ಟಿಯಲ್ಲಿ ಎಸ್‌ಸಿ ಎಷ್ಟು, ಎಸ್‌ಟಿ ಎಷ್ಟು ಅನ್ನೋ ಲೆಕ್ಕ ಹೇಗೋ ಸಿಗುತ್ತೆ. ಇಂಟರ್ನ್‌ಶಿಪ್‌ಗೆ, ಫೀಲ್ಡ್‌ವರ್ಕ್‌ಗೆ ಯಾರನ್ನ ಎಲ್ಲಿಗೆ ಕಳಿಸಿದ್ರಿ ಅಂತ ಕೇಳಿ ನೋಡಿ. ಬೀರುವಿನಲ್ಲಿ ಡೈರಿಗಳ ರಾಶಿ, ಪೋರ್ಟಲ್‌ನಲ್ಲಿ ಅಂಕ. ಅಷ್ಟೇ.

ಯುಜಿಸಿಯ 2022ರ ಚೌಕಟ್ಟು ಪದವಿಯಲ್ಲೇ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಇಟ್ಟಿದೆ. ಹಾಗಾಗಿ ಗಂಟೆಗಳ ಲೆಕ್ಕ ಪಕ್ಕಾ ಇರುತ್ತೆ. ಆ ಗಂಟೆಗಳಲ್ಲಿ ಏನು ಮಾಡಿಸಿದ್ರು, ದುಡ್ಡು ಕೊಟ್ರಾ, ಅದಕ್ಕೆ ಕಾಲಂ ಎಲ್ಲಿ?

ನಾನು ಎಂಎಸ್‌ಡಬ್ಲ್ಯೂ ಓದುವಾಗ ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್. ಕಂಪನಿಗಳ ಎಚ್‌ಆರ್ ವಿಭಾಗ ಯಾರಿಗೆ, ಕೊಳೆಗೇರಿ ಯಾರಿಗೆ ಅನ್ನೋದನ್ನ ನೋಟಿಸ್ ಬೋರ್ಡ್ ನೋಡದೆಯೇ ಹೇಳಬಹುದಿತ್ತು. ಕೇಳಿದ್ದಕ್ಕೆ, "ನಿಮ್ಮ ಜನರ ಜೊತೆ ನೀವೇ ಚೆನ್ನಾಗಿ ಬೆರೀತೀರಲ್ಲಪ್ಪ" ಅಂದ್ರು. ಕೇರಿಯಲ್ಲಿ ಕೆಲಸ ಮಾಡೋದು ನನಗೆ ಅವಮಾನ ಅಲ್ಲ, ಇವತ್ತೂ ಅಲ್ಲೇ ಮಾಡ್ತಿರೋದು. ಆದ್ರೆ ಕೇರಿಯಲ್ಲೇ ಹುಟ್ಟಿ ಬೆಳೆದವನಿಗೆ ಕೇರಿಯನ್ನೇ 'ಅನುಭವದ ಕಲಿಕೆ' ಅಂತ ಕೊಟ್ರೆ ಅವನು ಹೊಸದಾಗಿ ಕಲಿಯೋದು ಏನನ್ನ? ಎಚ್‌ಆರ್‌ಗೆ ಹೋದವರಲ್ಲಿ ಕೆಲವರು ಅಲ್ಲೇ ಕೆಲಸಕ್ಕೆ ಸೇರಿಕೊಂಡ್ರು. ಕಡತದಲ್ಲಿ ಮಾತ್ರ ಎಲ್ಲರಿಗೂ ಒಂದೇ ಸಾಲು: ತೃಪ್ತಿಕರವಾಗಿ ಪೂರ್ಣಗೊಳಿಸಿದ್ದಾರೆ.

ಈಗಿನ ಮಕ್ಕಳ ಕಷ್ಟ ಬೇರೆ. ಹಾಸ್ಟೆಲ್ ಇರೋದು ಕಾಲೇಜಿನ ಊರಲ್ಲಿ, ಒಳ್ಳೆ ಇಂಟರ್ನ್‌ಶಿಪ್ ಇರೋದು ಬೆಂಗಳೂರಲ್ಲಿ. ಸ್ಟೈಪೆಂಡ್ ಇಲ್ಲ ಅಂದ್ರೆ ಎರಡು ತಿಂಗಳ ಪಿಜಿ ಬಾಡಿಗೆಯನ್ನ ಕೂಲಿ ಮಾಡೋ ಅಪ್ಪ ಎಲ್ಲಿಂದ ತರಬೇಕು? ಊರಲ್ಲೇ ಉಳಿದ್ರೆ ಅವಳಿಗೆ ಆಸಕ್ತಿ ಇಲ್ಲ ಅಂತಾರೆ.

1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲೇ ತಿದ್ದುಪಡಿ ತಂದು ಪರಿಶಿಷ್ಟರಿಗೆ ತರಬೇತಿ ಸ್ಥಾನ ಮೀಸಲಿಟ್ಟಿದ್ದಾರೆ. ಸ್ಟೈಪೆಂಡ್ ಕೂಡ ಅದೇ ಕಾಯ್ದೆಯಲ್ಲಿದೆ. ಐಟಿಐ ಹುಡುಗನಿಗೆ ಕಾಗದದ ಮೇಲಾದ್ರೂ ಇರೋ ಈ ಹಕ್ಕು, ಇಂಟರ್ನ್‌ಶಿಪ್‌ಗೆ ಹೋಗೋ ಪದವಿ ಹುಡುಗಿಗೆ ಯಾಕಿಲ್ಲ?

"ಕಲಿಕೆಯ ದಾಖಲೆಯಲ್ಲೂ ಜಾತಿ ಯಾಕ್ರೀ?" ಅಂತಾರೆ. ಸಂಸ್ಥೆಗೆ ಹೋಗೋ ಪತ್ರದಲ್ಲಿ ಜಾತಿ ಬೇಡವೇ ಬೇಡ. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಇರಲೇಬೇಕು. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಮುಂಬೈ ಪ್ರಾಂತ್ಯದ ಶಿಕ್ಷಣದ ಬಗ್ಗೆ ಕೊಟ್ಟ ಹೇಳಿಕೆ ತೆಗೆದು ನೋಡಿ, ವಾದ ನಿಂತಿರೋದೇ ಅಂಕಿಅಂಶಗಳ ಮೇಲೆ. ಲೆಕ್ಕ ಇಲ್ಲದ ಕಡೆ ನಮ್ಮ ದೂರು ಬರೀ 'ಭಾವನೆ' ಆಗಿಬಿಡುತ್ತೆ.

ಸೂಪರ್‌ವೈಸರ್ ಬರೆಯೋ ಗುಟ್ಟಿನ ವರದಿಯ ಪ್ರತಿ ವಿದ್ಯಾರ್ಥಿಗೆ ಸಿಗಬೇಕು ಅನ್ನೋದು ನನ್ನ ಇನ್ನೊಂದು ಹಟ. ಅಂಕ ಕಳ್ಕೊಂಡವನಿಗೆ ಯಾಕೆ ಕಳ್ಕೊಂಡೆ ಅಂತಾದ್ರೂ ಗೊತ್ತಾಗಲಿ.

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಓದ್ತಿರೋ ಗೆಳೆಯರು ಒಂದು ಆರ್‌ಟಿಐ ಹಾಕಿ. ಹತ್ತು ರೂಪಾಯಿ, ಮೂವತ್ತು ದಿನ. ಮೂರು ವರ್ಷದಲ್ಲಿ ಯಾವ ಸಂಸ್ಥೆಗೆ ಯಾವ ವರ್ಗದ ಎಷ್ಟು ಜನ ಹೋದ್ರು, ಎಷ್ಟು ಜನಕ್ಕೆ ಸ್ಟೈಪೆಂಡ್ ಸಿಕ್ತು, ಇಷ್ಟೇ ಕೇಳಿ. ಹೆಸರು ಕೇಳಬೇಡಿ, ಸಂಖ್ಯೆ ಸಾಕು. 'ಮಾಹಿತಿ ಲಭ್ಯವಿಲ್ಲ' ಅಂತ ಬಂದ್ರೆ ಆ ಕಾಗದವನ್ನೂ ಬಿಸಾಕಬೇಡಿ, ನನಗೆ ಕಳಿಸಿ.