ಬಿಇ ಓದಿ ಹಾಲು ಮಾರ್ತೀಯೇನೋ?

ಹೋದ ವಾರ ಹಾಸ್ಟೆಲ್‌ನಲ್ಲಿ ಪ್ಲೇಸ್‌ಮೆಂಟ್ ಮಾತು ನಡೀತಿತ್ತು. ಡೈರಿಗೆ ಅಪ್ಲೈ ಮಾಡ್ಬೇಕು ಅಂತಿದೀನಿ ಅಂದೆ. "ಬಿಇ ಓದಿ ಹಾಲು ಮಾರ್ತೀಯೇನೋ?" ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಫೀಸಿಗೆ ಅಮ್ಮ ಕೂಡಿಡೋದು ಡೈರಿ ಬಿಲ್ಲಿನ ದುಡ್ಡನ್ನೇ ಅಂತ ಅವತ್ತು ಹೇಳಲಿಲ್ಲ. ಇವತ್ತು ಹೇಳ್ತಿದೀನಿ.

ಡೈರಿ ಅಂದ್ರೆ ಬರೀ ಹಸು ಕಟ್ಟಿ ಹಾಲು ಕರೆಯೋದಲ್ಲ. ಕರೆದ ಹಾಲನ್ನ ಬೇಗ 4 ಡಿಗ್ರಿಗೆ ಇಳಿಸದಿದ್ರೆ ಕೆಡುತ್ತೆ, ಅದು ರೆಫ್ರಿಜರೇಶನ್. ಪ್ಲಾಂಟಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿ ಕೂಡಲೇ ತಣಿಸ್ತಾರೆ. ನಾವು ಪರೀಕ್ಷೆಗೆ ಉರು ಹೊಡೆದ ಹೀಟ್ ಎಕ್ಸ್‌ಚೇಂಜರ್ ಅದೇ. ಸೊಸೈಟಿಯಲ್ಲಿ ಫ್ಯಾಟ್ ನೋಡೋ ಯಂತ್ರಕ್ಕೆ ಇಸಿಯವರು ಬೇಕು, ರೈತರ ಲೆಕ್ಕಕ್ಕೆ ಸಿಎಸ್‌ನವರು ಬೇಕು. ಹಾಲಿನ ವಿದ್ಯೆಯನ್ನೇ ಕಲೀಬೇಕು ಅನ್ನೋ ತಮ್ಮ-ತಂಗಿಯರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಡೈರಿ ಟೆಕ್ನಾಲಜಿಯ ಬಿ.ಟೆಕ್ ಇದೆ.

1949ರಲ್ಲಿ ಗುಜರಾತಿನ ಆಣಂದಕ್ಕೆ ಬಂದ ವರ್ಗೀಸ್ ಕುರಿಯನ್ ಓದಿದ್ದೂ ಮೆಕ್ಯಾನಿಕಲ್ಲೇ. ಸರ್ಕಾರಿ ಬಾಂಡ್ ಮುಗಿದ್ರೆ ಸಾಕು, ಹೊರಟುಬಿಡೋಣ ಅಂತಿದ್ದ ಮನುಷ್ಯ ರೈತರ ಸೊಸೈಟಿಯ ಯಂತ್ರ ಸರಿಮಾಡೋಕೆ ಹೋಗಿ ಅಲ್ಲೇ ಉಳಿದುಬಿಟ್ಟರು. ಅಮುಲ್ ಬೆಳೆದದ್ದು ಹಾಗೆ.

ಸಂಬಳ ಐಟಿಯಷ್ಟು ಇರಲಿಕ್ಕಿಲ್ಲ. ಬೆಳಗಿನ ಜಾವದ ಶಿಫ್ಟೂ ಇರುತ್ತೆ. ಹಸುವಿಗೆ ಭಾನುವಾರ ಗೊತ್ತಿಲ್ಲವಲ್ಲ! ಆದರೆ ಕೂಲರ್ ಕೈಕೊಟ್ಟರೆ ಇಡೀ ಊರಿನ ಒಂದು ಹೊತ್ತಿನ ಹಾಲು ಚರಂಡಿ ಪಾಲು. ಅದನ್ನ ತಡೆಯೋನು ಇಂಜಿನಿಯರ್ರೇ ತಾನೆ?

ನಾನಂತೂ ಅಪ್ಲೈ ಮಾಡ್ತೀನಿ. ಈ ಸಲ ಯಾರಾದ್ರೂ ನಕ್ಕರೆ, ಒಂದು ಲೋಟ ಕಾಫಿ ಕೊಡಿಸಿ, ಹಾಲು ಎಲ್ಲಿಂದ ಬಂತು ಅಂತ ಕೇಳ್ತೀನಿ.